ಮೊಲಕ್ಕೆ ಕ್ಯಾರೆಟ್ ಒಂದಿದ್ದರೆ ಸಾಕೇ? ನಿಜ ಏನು?

ಮೊಲದ ಊಟ ಎಂದರೆ ಕ್ಯಾರೆಟ್ ಎಂದು ನಮಗೆಲ್ಲ ಕಲಿಸಿದ್ದು ಕಾರ್ಟೂನ್. ಅಲ್ಲಿನ ಬಗ್ಸ್ ಬನ್ನಿ ಕ್ಯಾರೆಟ್ ಅಗಿಯುವ ಶೈಲಿ ಬಂದದ್ದು 1934ರ ಹಾಲಿವುಡ್ ಚಿತ್ರವೊಂದರಲ್ಲಿ ನಟ ಕ್ಲಾರ್ಕ್ ಗೇಬಲ್ ಕ್ಯಾರೆಟ್ ತಿನ್ನುತ್ತಾ ಮಾತನಾಡುವ ದೃಶ್ಯದಿಂದ. ಅಂದರೆ ಮೂಲದಲ್ಲಿ ಮೊಲವೇ ಇಲ್ಲ!

ಮೊಲದ ಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತದೆ. ಅದು ಸವೆಯಬೇಕಾದರೆ ದಿನವಿಡೀ ಹುಲ್ಲು ಅಗಿಯಬೇಕು. ಕರುಳು ಸರಿಯಾಗಿ ಕೆಲಸ ಮಾಡುವುದಕ್ಕೂ ಹುಲ್ಲಿನ ನಾರೇ ಬೇಕು. ಹಾಗಾಗಿ ಆಹಾರದಲ್ಲಿ ಶೇ. 80ಕ್ಕೂ ಹೆಚ್ಚು ಭಾಗ ಒಣಹುಲ್ಲು ಅಥವಾ ಹಸಿಹುಲ್ಲು ಇರಲಿ. ಔಷಧಿ ಸಿಂಪಡಿಸದ ಗರಿಕೆಯೂ ಆದೀತು. ಜೊತೆಗೆ ಒಂದು ಹಿಡಿ ಕೊತ್ತಂಬರಿಯಂಥ ಸೊಪ್ಪು, ಸದಾ ಶುದ್ಧ ನೀರು. ಕ್ಯಾರೆಟ್‌ನಲ್ಲಿ ಸಕ್ಕರೆ ಹೆಚ್ಚು, ಅಪರೂಪಕ್ಕೊಂದು ಚೂರು ಸಾಕು. ನಾವು ಬಿಸಾಡುವ ಅದರ ಸೊಪ್ಪೇ ಮೊಲಕ್ಕೆ ಒಳ್ಳೆಯದು. ಬ್ರೆಡ್, ಬಿಸ್ಕತ್ತು ಬೇಡ. ಈರುಳ್ಳಿ, ಚಾಕೊಲೇಟ್ ಅಂತೂ ವಿಷ. ಈವರೆಗೆ ಬೇರೆ ಆಹಾರ ಕೊಡುತ್ತಿದ್ದರೆ ಒಮ್ಮೆಲೇ ಬದಲಿಸದೆ ನಿಧಾನವಾಗಿ ಹುಲ್ಲಿಗೆ ಒಗ್ಗಿಸಿ.

ಮೊಲ ತನ್ನದೇ ಮೆತ್ತನೆಯ ಹಿಕ್ಕೆ ತಿಂದರೆ ಗಾಬರಿ ಬೇಡ, ಅದರಲ್ಲಿ ಪೋಷಕಾಂಶಗಳಿರುತ್ತವೆ. ಗಾಬರಿಯಾಗಬೇಕಾದ್ದು ಅದು ತಿನ್ನುವುದನ್ನೇ ಬಿಟ್ಟಾಗ. ಅರ್ಧ ದಿನ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ ಮುದುಡಿ ಕುಳಿತಿದ್ದರೆ ಕರುಳಿನ ಚಲನೆ ನಿಂತಿರಬಹುದು, ಅದು ಜೀವಕ್ಕೇ ಅಪಾಯ. ನಾಳೆ ನೋಡೋಣ ಎನ್ನದೆ ಕೂಡಲೇ ಪಶುವೈದ್ಯರ ಬಳಿ ಕರೆದೊಯ್ಯಿರಿ.