ದೂರವನ್ನು ಮರೆಮಾಡಬೇಕೆ?

ಕಷ್ಟವಾದುದನ್ನು ಸುಲಭ ಮಾಡುವುದು ವಿಜ್ಞಾನದ ಗುರಿಯೆಂದು ನಾವೆಲ್ಲರೂ ನಂಬಿದ್ದೇವೆ. ಆದರೆ ಸುಲಭ ಮಾಡುವುದು ಬೇರೆ, ಸುಲಭವೆಂದು ತೋರಿಸುವುದು ಬೇರೆ. ಕಲಾ ವಿದ್ಯಾರ್ಥಿಯಾದ ನಾನು ಐಚ್ಛಿಕವಾಗಿ ಓದಿದ ಗಣಕಶಾಸ್ತ್ರದ ಒಂದು ಪ್ರಶ್ನೆಯು ಈ ಭೇದವನ್ನು ಮನಗಾಣಿಸಿತು. ದೂರದ ಯಂತ್ರದಲ್ಲಿರುವ ಆಬ್ಜೆಕ್ಟಿನಿಂದ ಕೆಲಸ ಮಾಡಿಸುವುದನ್ನು, ನಮ್ಮ ಯಂತ್ರದಲ್ಲಿಯೇ ಇರುವುದರಿಂದ ಮಾಡಿಸುವಷ್ಟು ಸರಳಗೊಳಿಸಬಹುದೆ?

ಆಬ್ಜೆಕ್ಟ್ ಎಂದರೆ ತನ್ನ ಮಾಹಿತಿಯನ್ನು ತಾನೇ ಇಟ್ಟುಕೊಂಡು, ಕೇಳಿದ ಕೆಲಸವನ್ನು ಮಾಡಿಕೊಡುವ ಪ್ರೋಗ್ರಾಮಿನ ಒಂದು ಘಟಕ. ಅದು ಅದೇ ಯಂತ್ರದಲ್ಲಿದ್ದರೆ ಒಂದು ಸಾಲು ಬರೆದರೆ ಸಾಕು. ಬೇರೆ ಊರಿನ ಯಂತ್ರದಲ್ಲಿದ್ದರೆ ಕೋರಿಕೆಯನ್ನು ಸಂದೇಶವಾಗಿ ಕಟ್ಟಿ ಕಳುಹಿಸಿ, ಬಂದ ಉತ್ತರವನ್ನು ಬಿಚ್ಚಿ ಓದಬೇಕು. ಜೆರಾಕ್ಸ್ ಸಂಸ್ಥೆಯ ಬಿರೆಲ್ ಮತ್ತು ನೆಲ್ಸನ್ ಎಂಬುವರು 1984ರ ಲೇಖನವೊಂದರಲ್ಲಿ ಈ ದುಡಿಮೆಯನ್ನು ತಪ್ಪಿಸುವ ದಾರಿಯನ್ನು ವಿವರಿಸಿದರು. ಅವರ ವಿಧಾನದಲ್ಲಿ ಪ್ರೋಗ್ರಾಮಿನ ಸಣ್ಣ ತುಣುಕೊಂದು ದೂರದ ಯಂತ್ರದ ಪ್ರತಿನಿಧಿಯಾಗಿ ನಮ್ಮಲ್ಲಿ ಕುಳಿತು, ಕಟ್ಟುವ ಬಿಚ್ಚುವ ಕೆಲಸವನ್ನು ವಹಿಸಿಕೊಳ್ಳುತ್ತದೆ. 1991ರಲ್ಲಿ ಬಂದ ಕಾರ್ಬಾ ಎಂಬ ಏರ್ಪಾಡು ಬೇರೆ ಬೇರೆ ಭಾಷೆಗಳಲ್ಲಿ ಬರೆದ ಆಬ್ಜೆಕ್ಟುಗಳಿಗೂ ಇಂಥ ಅನುಕೂಲವನ್ನು ಒದಗಿಸಿತು.

ಇಷ್ಟು ಸ್ತುತ್ಯವೇ. ಆದರೆ ಹತ್ತಿರ ದೂರಗಳ ಭೇದವೇ ಪ್ರೋಗ್ರಾಂ ಬರೆಯುವವನಿಗೆ ತಿಳಿಯಬಾರದೆಂಬ ಆಸೆ ಹುಟ್ಟಿತಲ್ಲ, ಅದು ತಪ್ಪೆಂಬುದು ನನ್ನ ಅಭಿಪ್ರಾಯ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಜಿಮ್ ವಾಲ್ಡೊ ಮತ್ತು ಅವರ ಮೂವರು ಸಹೋದ್ಯೋಗಿಗಳು 1994ರಲ್ಲಿಯೇ ಹೀಗೆ ಎಚ್ಚರಿಸಿದ್ದರು. ಗಾಜಿನ ಎಳೆಯಲ್ಲಿ ಬೆಳಕು 1000 ಕಿಲೋಮೀಟರು ಹೋಗಿ ಬರಲು ಸೆಕೆಂಡಿನ ನೂರನೆಯ ಒಂದು ಭಾಗ ಬೇಕು. ಯಂತ್ರದೊಳಗಿನ ಕರೆಗೆ ಅದರ ಲಕ್ಷದ ಒಂದು ಪಾಲೂ ಬೇಡ. ಈ ವಿಳಂಬವನ್ನಾದರೂ ಸಹಿಸಬಹುದು. ಉತ್ತರವೇ ಬಾರದಿದ್ದರೆ? ಕೋರಿಕೆ ಮುಟ್ಟಲಿಲ್ಲವೋ, ಮುಟ್ಟಿ ಕೆಲಸವಾಗಿ ಉತ್ತರ ಮಾತ್ರ ಕಳೆದುಹೋಯಿತೋ, ಕೇಳಿದವನಿಗೆ ತಿಳಿಯದು.

ಇದು ಗಣಕದವರ ಮಾತು, ನಮಗೇಕೆ ಎಂದು ಕೆಲವರು ಕೇಳಬಹುದು. ನಮ್ಮ ಶುಲ್ಕವೂ ವಿದ್ಯಾರ್ಥಿವೇತನವೂ ಇಂದು ಇಂಥ ಯಂತ್ರಗಳ ಮೂಲಕವೇ ಹೋಗಿ ಬರುತ್ತವೆ. ಕಳೆದ ವರ್ಷ ನನ್ನ ಮಿತ್ರನೊಬ್ಬನು ಶುಲ್ಕ ಕಟ್ಟಿದಾಗ ಪರದೆಯ ಮೇಲೆ "ವಿಫಲ" ಎಂದು ಬಂದಿತು. ಅವನು ಮತ್ತೆ ಕಟ್ಟಿದನು. ಖಾತೆಯಿಂದ ಎರಡು ಸಲವೂ ಹಣ ಹೋಗಿತ್ತು. ಅದು ಅವನ ತಂದೆಯ ಎಷ್ಟೋ ದಿನಗಳ ಕೂಲಿ. ಉತ್ತರ ಬಾರದುದನ್ನು ಕೆಲಸವಾಗಲಿಲ್ಲವೆಂದು ತಿಳಿಯುವ ಪ್ರೋಗ್ರಾಂ ಇಂಥ ಫಲವನ್ನೇ ಕೊಡುತ್ತದೆ.

ಅಕ್ಷರ ಬಾರದ ನನ್ನ ತಾಯಿ ಪರಊರಿನ ಸೋದರಮಾವನಿಗೆ ರಾಗಿಗಾಗಿ ಎರಡನೆಯ ಸಲ ಹೇಳಿಕಳಿಸುವಾಗ, "ಮೊದಲೇ ಕಳಿಸಿದ್ರೆ ಮತ್ತೆ ಕಳಿಸೋದು ಬೇಡ ಅನ್ನು" ಎಂದು ಸೇರಿಸುತ್ತಾಳೆ. ಗಣಕದಲ್ಲಿಯೂ ಪರಿಹಾರ ಇದೇ. ಪ್ರತಿ ಕೋರಿಕೆಗೂ ಒಂದು ಸಂಖ್ಯೆ ಕೊಟ್ಟರೆ, ಅದೇ ಸಂಖ್ಯೆ ಮತ್ತೆ ಬಂದಾಗ ಆಚೆಯ ಯಂತ್ರವು ಕೆಲಸವನ್ನು ಎರಡನೆಯ ಸಲ ಮಾಡದೆ ಹಿಂದಿನ ಉತ್ತರವನ್ನೇ ಕೊಡಬಹುದು. ಆದರೆ ತಾನು ದೂರದವರೊಡನೆ ವ್ಯವಹರಿಸುತ್ತಿದ್ದೇನೆಂದು ಬರೆಯುವವನಿಗೆ ತಿಳಿದಿದ್ದರೆ ತಾನೇ ಈ ಎಚ್ಚರಿಕೆ ಹೊಳೆಯುವುದು? 1997ರಲ್ಲಿ ಜಾವಾ ಭಾಷೆಗೆ ಸೇರಿದ ಆರ್‌ಎಂಐ ಎಂಬ ಸೌಕರ್ಯವು ಕಟ್ಟುವ ಬಿಚ್ಚುವ ಶ್ರಮವನ್ನು ತಾನೇ ಹೊತ್ತರೂ, ದೂರದ ಕರೆ ವಿಫಲವಾಗಬಹುದೆಂಬುದನ್ನು ಪ್ರೋಗ್ರಾಮಿನಲ್ಲಿ ನಮೂದಿಸಲೇಬೇಕೆಂದು ಕಡ್ಡಾಯ ಮಾಡಿತು. ಇದೇ ಸರಿಯಾದ ಸರಳತೆ.

ನಮ್ಮಲ್ಲಿ ಕೆಲವರು ನಾಳೆ ಗಣಕದ ಉದ್ಯೋಗಕ್ಕೆ ಹೋಗುವವರಿದ್ದಾರೆ. ಅವರು ಶ್ರಮವನ್ನು ಯಂತ್ರಕ್ಕೆ ವಹಿಸಲಿ, ದೂರವನ್ನು ಮಾತ್ರ ಮರೆಮಾಡದಿರಲಿ. ಮರೆಮಾಡಿದ ದೂರದ ದಂಡವನ್ನು ತೆರುವವರು ಶುಲ್ಕದ ಕಿಟಕಿಯ ಈಚೆಗೆ ನಿಂತ ನಮ್ಮಂಥವರು.