ಚಾಲಕನ ನಿದ್ರೆಯೂ ಒಂದು ಅಮಾನತ್ತು

2023ರ ಅಕ್ಟೋಬರ್ 26ರ ಮುಂಜಾನೆ ಚಿಕ್ಕಬಳ್ಳಾಪುರದ ಬಳಿ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ದಟ್ಟ ಮಂಜು ಕವಿದಿತ್ತು. ನಿಂತಿದ್ದ ಟ್ಯಾಂಕರ್ ಲಾರಿಗೆ ಟಾಟಾ ಸುಮೊ ಒಂದು ಹಿಂದಿನಿಂದ ಅಪ್ಪಳಿಸಿ 13 ಮಂದಿ ಪ್ರಾಣ ಕಳೆದುಕೊಂಡರು. ಆ ಟ್ಯಾಂಕರ್ ಅಲ್ಲಿ ಏಕೆ ನಿಂತಿತ್ತು ಎಂಬುದನ್ನು ಹೇಳಬೇಕಾದವರು ತನಿಖಾಧಿಕಾರಿಗಳು. ಆದರೆ ಪ್ರತಿ ರಾತ್ರಿಯೂ ಅದೇ ಹೆದ್ದಾರಿಯ ಅಂಚಿನಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುವುದು ಏಕೆಂದು ನಮಗೆಲ್ಲರಿಗೂ ಗೊತ್ತು. ಕಣ್ಣು ಮುಚ್ಚಿ ಬರುವಾಗ ಚಾಲಕನಿಗೆ ಬೇರೆ ಜಾಗವಿಲ್ಲ.

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಈ ನಾಲ್ಕೂ ಊರುಗಳ ಬದುಕು ಚಕ್ರದ ಮೇಲೆ ನಿಂತಿದೆ. ಚಿಂತಾಮಣಿಯ ಟೊಮೆಟೊ, ಶಿಡ್ಲಘಟ್ಟದ ರೇಷ್ಮೆ, ಚಿಕ್ಕಬಳ್ಳಾಪುರದ ಹೂವು ಮತ್ತು ಜಲ್ಲಿ, ಗೌರಿಬಿದನೂರಿನ ಕಾರ್ಖಾನೆಗಳ ಸರಕು ಎಲ್ಲವೂ ಯಾರೋ ಒಬ್ಬರು ನಿದ್ದೆಗೆಟ್ಟು ಸಾಗಿಸಿದ್ದೇ ಆಗಿರುತ್ತದೆ. ಆ ಒಬ್ಬರು ಬಹಳಷ್ಟು ಬಾರಿ ನಮ್ಮದೇ ಮೊಹಲ್ಲಾದವರು. ಲಾರಿಯ ಮಾಲೀಕರೂ ಜುಮಾ ದಿನ ಅದೇ ಸಫ್‌ನಲ್ಲಿ ನಿಲ್ಲುವವರು. ಆದ್ದರಿಂದ ಈ ವಿಷಯವನ್ನು ಸರಕಾರಕ್ಕೆ ಬಿಟ್ಟು ಕೈತೊಳೆದುಕೊಳ್ಳುವಂತಿಲ್ಲ.

ಕಾನೂನು ಇಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಹಾಕಿತು. ದೂರದ ಪ್ರಯಾಣಕ್ಕೆ ಅದು 10 ಗಂಟೆ ಮತ್ತು 54 ಗಂಟೆಯವರೆಗೆ ಸಡಿಲಗೊಳ್ಳಬಹುದಿತ್ತು. ವಾರಕ್ಕೊಂದು ರಜೆಯನ್ನೂ, ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿಯನ್ನೂ ಅದು ವಿಧಿಸಿತು. ಆದರೆ ಈ ಕಾಯ್ದೆ ಅನ್ವಯಿಸುತ್ತಿದ್ದುದು ಐದು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಐದು ಹತ್ತಾಗಿದೆ. ಒಂದೆರಡು ಲಾರಿ ಇಟ್ಟುಕೊಂಡವರೇ ತುಂಬಿರುವ ನಮ್ಮ ಸೀಮೆಯಲ್ಲಿ ಈ ಲೆಕ್ಕದೊಳಗೆ ಬರುವವರು ಎಷ್ಟು ಮಂದಿ? 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಮಾತ್ರ ಸಂಖ್ಯೆಯ ಮಾತೆತ್ತದೆ, ಸಾರಿಗೆ ವಾಹನ ನಡೆಸುವ ಯಾವುದೇ ವ್ಯಕ್ತಿಯ ದುಡಿಮೆಯನ್ನು 1961ರ ಕಾಯ್ದೆಯ ಗಂಟೆಗಳಿಗೆ ಕಟ್ಟಿತ್ತು. ಅದನ್ನು ಓದಿದ ಮಾಲೀಕರೂ ಕಡಿಮೆ, ಓದಿಸಿದ ಅಧಿಕಾರಿಗಳೂ ಕಡಿಮೆ. 2025ರ ಅಕ್ಟೋಬರ್‌ನಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯವಾಗಿದೆ. ಒಳ್ಳೆಯದೇ. ಆದರೆ ಹದಿನೈದು ಗಂಟೆ ಎಚ್ಚರವಿದ್ದವನಿಗೆ ತಂಪು ಗಾಳಿ ನಿದ್ರೆಯ ಬದಲಿಗೆ ಒದಗುವುದಿಲ್ಲ.

ಒಂದು ಸರಳ ಲೆಕ್ಕ ನೋಡೋಣ. ಚಿಂತಾಮಣಿಯಿಂದ ದಿಲ್ಲಿಗೆ 2,000 ಕಿಲೋಮೀಟರಿಗೂ ಹೆಚ್ಚು ದೂರ. ತುಂಬಿದ ಲಾರಿ ಗಂಟೆಗೆ ಸರಾಸರಿ 45 ಕಿಲೋಮೀಟರ್ ಸಾಗಿತೆಂದರೂ 44 ಗಂಟೆಗಳ ಚಾಲನೆ ಬೇಕು. ದಿನಕ್ಕೆ ಹತ್ತು ಗಂಟೆಯಂತೆ ಒಬ್ಬನೇ ಚಾಲಕ ಓಡಿಸಿದರೆ ಹತ್ತಿರ ಹತ್ತಿರ ಐದು ದಿನ. ಟೊಮೆಟೊ ಕೊಳೆಯುವ ಮುನ್ನ, ಮೂರೇ ದಿನದಲ್ಲಿ ತಲುಪಿಸು ಎಂದು ಮಂಡಿಯವರು ಹೇಳಿದರೆ, ದಿನಕ್ಕೆ ಹದಿನೈದು ಗಂಟೆ ಸ್ಟೇರಿಂಗ್ ಹಿಡಿ ಎಂದೇ ಅರ್ಥ. ಯಾರೂ ಬಾಯಿಬಿಟ್ಟು ಹಾಗೆ ಹೇಳುವುದಿಲ್ಲ. ತಡವಾದರೆ ಬಾಡಿಗೆ ಮುರಿಯುತ್ತಾರೆ, ಅಷ್ಟೆ. ಟ್ರಿಪ್ಪಿಗಿಷ್ಟು ಎಂಬ ಭತ್ಯೆ ಉಳಿದ ಕೆಲಸವನ್ನು ಮಾಡಿಸಿಕೊಳ್ಳುತ್ತದೆ.

ಈ ಹದಿನೈದು ಗಂಟೆಯಲ್ಲಿ ಸೇರದ ಇನ್ನೊಂದು ಹೊರೆಯಿದೆ, ಕಾಯುವಿಕೆ. ಅಮೆರಿಕದಲ್ಲಿ ಲಾರಿ ಚಾಲಕರು 11 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಕೆಲಸ ಆರಂಭಿಸಿ 14 ಗಂಟೆ ಕಳೆದ ಮೇಲೂ ಓಡಿಸುವಂತಿಲ್ಲ. ಆದರೆ ಅಲ್ಲಿನ ತೈಲ ಬಾವಿಗಳಲ್ಲಿ ದುಡಿಯುವ ವಿಶೇಷ ಲಾರಿಗಳ ಚಾಲಕರಿಗೆ, ಬಾವಿಯ ಬಳಿ ಕಾದ ಸಮಯವನ್ನು ಈ 14 ಗಂಟೆಗೆ ಸೇರಿಸದ ವಿನಾಯಿತಿ ಇದೆ. ಕಾದು ಕಾದು ದಣಿದವನನ್ನು ಕಾಗದವು 'ವಿಶ್ರಾಂತಿ ಪಡೆದವನು' ಎಂದು ಕರೆಯುತ್ತದೆ. ನಮ್ಮ ಮಾರುಕಟ್ಟೆಗಳಲ್ಲಿ ಕಾಗದವೂ ಇಲ್ಲ. ಮಧ್ಯಾಹ್ನ ಬಂದು ನಿಂತ ಲಾರಿಗೆ ಬಾಕ್ಸ್‌ಗಳು ತುಂಬುವಾಗ ಕತ್ತಲಾಗಿರುತ್ತದೆ. ಜಲ್ಲಿಯ ಟಿಪ್ಪರ್, ಬೆಂಗಳೂರಿನೊಳಗೆ ಭಾರೀ ವಾಹನಗಳಿಗೆ ಪ್ರವೇಶವಿರುವ ಹೊತ್ತಿಗಾಗಿ ಊರಾಚೆ ಕಾಯುತ್ತದೆ. ಗದ್ದಲ, ಬಿಸಿಲು, ಲಾರಿ ಮುಂದಕ್ಕೆ ತೆಗೆ ಎಂಬ ಕೂಗುಗಳ ನಡುವೆ ಕಳೆದ ಆ ಹೊತ್ತನ್ನು ಮಾಲೀಕರು 'ಸುಮ್ಮನೆ ಕೂತಿದ್ದ' ಎಂದು ಎಣಿಸುತ್ತಾರೆ. ಚಾಲಕನ ದಿನ ನಿಜವಾಗಿ ಆರಂಭವಾಗಿರುವುದು ಅಲ್ಲಿಂದಲೇ.

'ಗಟ್ಟಿ ಆಸಾಮಿ, ಎರಡು ರಾತ್ರಿ ಮಲಗದೆ ಓಡಿಸುತ್ತಾನೆ' ಎಂಬ ಹೊಗಳಿಕೆಯನ್ನು ನಾವು ಕೇಳಿದ್ದೇವೆ. ನಿದ್ರೆಯನ್ನು ಮನೋಬಲದಿಂದ ಗೆಲ್ಲಬಹುದೆಂಬ ಈ ನಂಬಿಕೆಗೆ ಸೀರತ್‌ನಲ್ಲಿ ಒಂದು ಉತ್ತರವಿದೆ. ಖೈಬರ್‌ನಿಂದ ಮರಳುವಾಗ ಪ್ರವಾದಿ(ಸ) ಮತ್ತು ಸಹಾಬಿಗಳು ರಾತ್ರಿ ದಣಿದು ತಂಗಿದರು. ಫಜ್ರ್‌ಗೆ ಎಬ್ಬಿಸುವ ಹೊಣೆಯನ್ನು ಹಝ್ರತ್ ಬಿಲಾಲ್(ರ) ವಹಿಸಿಕೊಂಡರು. ಉದಯದ ದಿಕ್ಕಿಗೆ ಮುಖ ಮಾಡಿ ತಮ್ಮ ವಾಹನಕ್ಕೆ ಒರಗಿ ಕುಳಿತ ಬಿಲಾಲ್‌ರನ್ನು ನಿದ್ರೆ ಆವರಿಸಿತು. ಬಿಸಿಲು ಮೈಗೆ ತಾಗಿದ ಮೇಲಷ್ಟೇ ಎಲ್ಲರಿಗೂ ಎಚ್ಚರವಾಯಿತು. ಮಕ್ಕದ ಉರಿಮರಳಿನ ಮೇಲೆ ಎದೆಗೆ ಬಂಡೆ ಹೇರಿದಾಗಲೂ ಬಾಗದವರು ಬಿಲಾಲ್. ಅವರ ಸಂಕಲ್ಪಕ್ಕಿಂತ ದೊಡ್ಡ ಸಂಕಲ್ಪವನ್ನು ಗುಟ್ಕಾ ಮತ್ತು ಚಹಾದ ಬಲದಿಂದ ನಮ್ಮ ಚಾಲಕರಲ್ಲಿ ನಿರೀಕ್ಷಿಸುವುದು ಎಂಥ ನ್ಯಾಯ? ಪ್ರವಾದಿಯವರು(ಸ) ಬಿಲಾಲ್‌ರನ್ನು ಗದರಿಸಲಿಲ್ಲ ಎಂಬುದನ್ನೂ ನೆನಪಿಡಬೇಕು. ನಾವಾದರೋ ಅಪಘಾತವಾದ ಕೂಡಲೇ ತಪ್ಪನ್ನೆಲ್ಲ ಚಾಲಕನ ತಲೆಗೆ ಕಟ್ಟಿಬಿಡುತ್ತೇವೆ.

ತನ್ನ ಒಂಟೆಗೆ ಉಣಿಸದೆ ಮಿತಿಮೀರಿ ದುಡಿಸುತ್ತಿದ್ದ ಒಡೆಯನನ್ನು ಪ್ರವಾದಿಯವರು(ಸ) ಎಚ್ಚರಿಸಿದ್ದು ಹದೀಸ್‌ಗಳಲ್ಲಿದೆ. ಇಂದಿನ ಮಾಲೀಕರು ಲಾರಿಯ ಆಯಿಲ್ ಬದಲಿಸುವ ದಿನವನ್ನು ಮರೆಯುವುದಿಲ್ಲ. ಬಿಸಿಯಾದ ಎಂಜಿನ್ ತಣಿಯಲೆಂದು ತಾವೇ ಲಾರಿ ನಿಲ್ಲಿಸುತ್ತಾರೆ. ಅದನ್ನು ನಡೆಸುವವನು ನಿನ್ನೆ ಎಷ್ಟು ಗಂಟೆ ಮಲಗಿದ ಎಂದು ಕೇಳುವವರು ಎಷ್ಟು ಮಂದಿ? ನಿಮ್ಮ ಕೈಕೆಳಗಿನವರ ಮೇಲೆ ಶಕ್ತಿಮೀರಿದ ಹೊರೆ ಹೇರಬಾರದು, ಹೇರಲೇಬೇಕಾಗಿ ಬಂದರೆ ನೀವೂ ಹೆಗಲು ಕೊಡಬೇಕು ಎಂಬುದು ಪ್ರವಾದಿಯವರ(ಸ) ಆದೇಶ. ದೂರದ ಲಾರಿಯ ವಿಷಯದಲ್ಲಿ ಆ ಹೆಗಲಿನ ಹೆಸರು ಎರಡನೇ ಚಾಲಕ. ಖರ್ಚು ಹೆಚ್ಚುತ್ತದೆ, ನಿಜ. ಒಂದೇ ಲಾರಿಯ ಮಾಲೀಕ, ಅದರಲ್ಲೂ ಬ್ಯಾಂಕಿನ ಕಂತು ಕಟ್ಟುವವನು, ಅದನ್ನು ಒಬ್ಬನೇ ಭರಿಸಲಾರ. ಆದ್ದರಿಂದ ಮಂಡಿಯಲ್ಲಿ ಬಾಡಿಗೆ ನಿಗದಿಯಾಗುವಾಗಲೇ ಎರಡನೇ ಚಾಲಕನ ಕೂಲಿಯೂ ಅದರಲ್ಲಿ ಸೇರಬೇಕು. ಮಂಡಿ ನಡೆಸುವ ನಮ್ಮವರೇ ಇದನ್ನು ಆರಂಭಿಸಬಹುದು. ಕಾನೂನಿನ 'ಹತ್ತು ಕಾರ್ಮಿಕರು' ಎಂಬ ರಿಯಾಯಿತಿ ಸರಕಾರದ್ದು. ಅಲ್ಲಾಹನ ಮುಂದಿನ ವಿಚಾರಣೆಗೆ ಒಬ್ಬನೇ ಕಾರ್ಮಿಕನಿದ್ದರೂ ಸಾಕು.

ಇನ್ನೊಂದು ಕೆಲಸ ಜಮಾಅತ್‌ಗಳದ್ದು. ಪ್ರಯಾಣದಲ್ಲಿ ರಾತ್ರಿ ತಂಗುವಾಗ ದಾರಿಯಿಂದ ದೂರ ಸರಿದು ತಂಗಬೇಕೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಹೆದ್ದಾರಿಯ ಅಂಚಿನಲ್ಲಿ ಮಲಗುವ ನಮ್ಮ ಕಾಲಕ್ಕೆಂದೇ ಹೇಳಿದಂತಿದೆ. ದೂರ ಸರಿಯಲು ಜಾಗವಾದರೂ ಬೇಕಲ್ಲ! ಹೆದ್ದಾರಿಗೆ ಹತ್ತಿರದಲ್ಲಿ ಅಂಗಳವಿರುವ ಮಸೀದಿಗಳು, ಮದುವೆಯಿಲ್ಲದ ದಿನ ಖಾಲಿ ಬೀಳುವ ಶಾದಿ ಮಹಲ್‌ಗಳು ನಮ್ಮಲ್ಲಿವೆ. ನಾಲ್ಕು ಲಾರಿ ನಿಲ್ಲುವಷ್ಟು ನೆಲ, ವುಝೂಗೆ ನೀರು, ಒಂದು ಶೌಚಾಲಯ, ಹಾಸಲು ಚಾಪೆ ಸಾಕು. ಬರುವವರ ಹೆಸರು, ಧರ್ಮ ಕೇಳುವ ಅಗತ್ಯವಿಲ್ಲ. ಚಿಕ್ಕಬಳ್ಳಾಪುರದ ಹೆದ್ದಾರಿಯಲ್ಲಿ ಮಂಜು ಇಳಿಯುವ ತಿಂಗಳುಗಳಿಗೆ ಮೊದಲೇ ಇಷ್ಟನ್ನು ಮಾಡಿ, 'ಚಾಲಕರು ಇಲ್ಲಿ ಮಲಗಬಹುದು' ಎಂಬ ಒಂದು ಫಲಕವನ್ನು ರಸ್ತೆಗೆ ಕಾಣುವಂತೆ ತೂಗುಹಾಕಬಹುದು.