ಪ್ಲೋವ್ ಎಂದರೆ ಮಸಾಲೆ ಹಾಕದ ಬಿರಿಯಾನಿ ಅಲ್ಲ ಸ್ವಾಮಿ!

ಹೊಸ ಊಟ ಕಂಡರೆ ಸಾಕು, ನಾಲಿಗೆಗೆ ತಾಗುವ ಮೊದಲೇ ಅದಕ್ಕೊಂದು ಗುರ್ತದ ಹೆಸರು ಅಂಟಿಸಿಬಿಡುವುದು ನಮ್ಮವರ ಹಳೇ ಚಾಳಿ. ದೆಹಲಿಯ ಲಜಪತ ನಗರದ ಸುತ್ತಮುತ್ತ ಉಜ್ಬೆಕ್ ಹೋಟೆಲುಗಳಿವೆ. ಮಧ್ಯ ಏಷ್ಯಾದಿಂದ ಚಿಕಿತ್ಸೆಗೆಂದು ಬರುವವರು, ಅವರ ಜೊತೆಗಾರರು ಅಲ್ಲಿ ಉಣ್ಣುತ್ತಾರೆ. ರಜೆಯಲ್ಲಿ ಅತ್ತ ಹೋಗಿದ್ದ ನಾವು ನಾಲ್ಕು ಮಂದಿ ಮಾಷ್ಟ್ರುಗಳು ಆರೇಳು ಮೇಜಿನ ಅಂಥದ್ದೊಂದು ಹೋಟೆಲಿಗೆ ನುಗ್ಗಿದೆವು. ಊರಿಗೆ ಬಂದು ಸ್ಟಾಫ್ ರೂಮಿನಲ್ಲಿ ಹೇಳಿದರೆ ಸಿಕ್ಕ ತೀರ್ಪು, "ಓ ಅದಾ, ಮಸಾಲೆ ಹಾಕದ ಬಿರಿಯಾನಿ!" ಹೇಳಿದವರು ತಿಂದವರಲ್ಲ. ಪೇಪರಿನಲ್ಲಿ ಊಟದ ಅಂಕಣ ಬರೆಯುವವರೂ ಇದನ್ನೇ ಸ್ವಲ್ಪ ನಯವಾಗಿ ಬರೆಯುತ್ತಾರೆ, ಅಷ್ಟೇ ವ್ಯತ್ಯಾಸ.

ಬಿರಿಯಾನಿಗೆ ಸಾಮಾನ್ಯವಾಗಿ ಅಕ್ಕಿಯನ್ನು ಬೇರೆ ಅರೆಬೇಯಿಸಿ, ಪದರ ಹಾಕಿ ದಮ್ ಕೊಡುತ್ತಾರೆ. ಪ್ಲೋವ್‌ಗೆ ಒಂದೇ ಪಾತ್ರೆ, ಕಜಾನ್ ಎಂಬ ದಪ್ಪ ಕಡಾಯಿ. ಚೆನ್ನಾಗಿ ಕಾದ ಎಣ್ಣೆಯಲ್ಲೋ ಕುರಿಯ ಬಾಲದ ಕೊಬ್ಬಿನಲ್ಲೋ ಮಾಂಸ, ಈರುಳ್ಳಿ ಕೆಂಪಾಗಬೇಕು. ಆಮೇಲೆ ಕ್ಯಾರೆಟ್. ಅದನ್ನು ತುರಿಯಬಾರದು, ಕಡ್ಡಿಯಂತೆ ಕೈಯಲ್ಲೇ ಹೆಚ್ಚಬೇಕು. ಅಕ್ಕಿಯಷ್ಟೇ ತೂಕದ ಕ್ಯಾರೆಟ್ ಹಾಕುವುದೂ ಉಂಟು! ನೀರು, ಜೀರಿಗೆ, ಸಿಪ್ಪೆ ಸಹಿತ ಇಡೀ ಬೆಳ್ಳುಳ್ಳಿ ಗೆಡ್ಡೆ ಹಾಕಿ ಕುದಿಸಿದ ಈ ಜಿರ್ವಾಕ್ ಮೇಲೆ ಅಕ್ಕಿ ಹರಡುತ್ತಾರೆ, ಸೌಟು ಹಾಕಿ ತಿರುವುವುದಿಲ್ಲ. ಕೆಳಗಿನ ರಸವನ್ನು ಹೀರಿಕೊಂಡೇ ಅನ್ನ ಬೇಯಬೇಕು. ಸಿಹಿ ಬರುವುದು ಕ್ಯಾರೆಟ್ಟಿನಿಂದ, ಬಣ್ಣ ಆ ಹುರಿದ ಮಾಂಸದಿಂದ. ಇದರಲ್ಲಿ ಮಸಾಲೆ ಹಾಕಲು ಮರೆತದ್ದು ಎಲ್ಲಿ ಬಂತು?

ಖಾರವಿಲ್ಲದ್ದು ಊಟವೇ ಅಲ್ಲ ಎನ್ನುವವರಿಗೆ ಒಂದು ಮಾತು. ಮೆಣಸಿನಕಾಯಿ ನಮ್ಮ ಕರಾವಳಿಗೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. 1498ಕ್ಕಿಂತ ಮುಂಚಿನ ನಮ್ಮ ಅಜ್ಜಂದಿರು ಒಂದೇ ಒಂದು ಒಣಮೆಣಸು ಕಂಡವರಲ್ಲ. ಅವರೆಲ್ಲ ಸಪ್ಪೆ ತಿಂದು ಬದುಕಿದರೇ?

ಇನ್ನು ತಮಾಷೆ ನೋಡಿ. ಫರ್ಗಾನಾ ಕಣಿವೆಯ ಆಂದಿಜಾನ್‌ನಲ್ಲಿ ಹುಟ್ಟಿ 1526ರಲ್ಲಿ ದೆಹಲಿ ಗೆದ್ದ ಬಾಬರ್, ಹಿಂದೂಸ್ಥಾನದಲ್ಲಿ ಒಳ್ಳೆ ದ್ರಾಕ್ಷಿಯಿಲ್ಲ, ಕರಬೂಜವಿಲ್ಲ, ಪೇಟೆಯಲ್ಲಿ ಒಳ್ಳೆ ರೊಟ್ಟಿಯಿಲ್ಲ ಎಂದು ತನ್ನ ಆತ್ಮಕಥೆಯಲ್ಲಿ ಗೊಣಗಿದ್ದಾನೆ. ಇದನ್ನು ಓದಿ ನಮಗೆ ಸಿಟ್ಟು ಬರುತ್ತದೆ. ತನ್ನೂರಿನ ಅಳತೆಗೋಲಿನಲ್ಲಿ ನಮ್ಮನ್ನು ಅಳೆದನಲ್ಲ ಎಂದು! ಈಗ ಅವನೂರಿನ ತಟ್ಟೆಯ ಮುಂದೆ ಕೂತು ನಾವು ಮಾಡುವುದೇನು?

"ರಷ್ಯನ್ ಊಟ" ಎನ್ನುವವರು ಬೇರೆ ಇದ್ದಾರೆ. ಮೆನುವಿನಲ್ಲಿ ರಷ್ಯನ್ ಅಕ್ಷರ ಕಂಡದ್ದೇ ಇದಕ್ಕೆ ಕಾರಣ. ಉಜ್ಬೆಕ್ ತುರ್ಕಿ ಬಳಗದ ಭಾಷೆ. ಅರಬ್ಬೀ ಲಿಪಿಯಲ್ಲಿದ್ದದ್ದನ್ನು ಲ್ಯಾಟಿನ್‌ಗೆ ತಂದರು, 1940ರಲ್ಲಿ ಅದನ್ನೂ ಬಿಡಿಸಿ ಸಿರಿಲಿಕ್ ಹೇರಿದರು, ಸ್ವತಂತ್ರವಾದ ಮೇಲೆ 1993ರಲ್ಲಿ ಮತ್ತೆ ಲ್ಯಾಟಿನ್‌ಗೆ ಕಾನೂನು ಮಾಡಿದರು. ಅಜ್ಜ ಬರೆದ ಪತ್ರವನ್ನು ಮೊಮ್ಮಗ ಓದಲಾಗದ ಸ್ಥಿತಿ. ಕನ್ನಡ ಶಾಲೆ ನಡೆಸುವ ನಮಗೂ ಇದು ತಟ್ಟದಿದ್ದರೆ ಇನ್ಯಾರಿಗೆ ತಟ್ಟಬೇಕು? ಮಂಜೇಶ್ವರವನ್ನು ಯಾರಾದರೂ ಮಂಜೇಶ್ವರಂ ಎಂದು ಬರೆದರೆ ನಾವು ಅರ್ಜಿ ಬರೆಯುವ ಜನ. ಇನ್ನೊಬ್ಬರ ಅನ್ನಕ್ಕೆ ಮಾತ್ರ ಬಾಯಿಗೆ ಬಂದ ಹೆಸರು!

(ನಮ್ಮಲ್ಲಿದ್ದ ಸಸ್ಯಾಹಾರಿ ಮಾಷ್ಟ್ರಿಗೆ ದಕ್ಕಿದ್ದು ನಾನ್, ಹಾಲಿಲ್ಲದ ಹಸಿರು ಚಹಾ ಮತ್ತು ಹುಳಿ ಕ್ಯಾರೆಟ್ಟಿನ ಸಲಾಡ್. ಆ ಸಲಾಡ್ ಉಜ್ಬೆಕರದ್ದೇ ಅಲ್ಲ, 1937ರಲ್ಲಿ ಸ್ಟಾಲಿನ್ ಗಡಿಪಾರು ಮಾಡಿದ ಕೊರಿಯನ್ನರದ್ದು. ಅವರು ತಮ್ಮ ಕಿಮ್ಚಿಗೆ ಬೇಕಾದ ಕೋಸು ಸಿಗದೆ ಕ್ಯಾರೆಟ್ಟಿಗೆ ಇಳಿದರಂತೆ.)

ಹಾಗೆಂದು ಉಜ್ಬೆಕರ ಹೆಸರಿನ ಮುಂದೆ ಕಣ್ಣುಮುಚ್ಚಿ ಕೈಮುಗಿಯಿರಿ ಎನ್ನುತ್ತಿಲ್ಲ. 1924ರಲ್ಲಿ ಮಾಸ್ಕೋ ಗೆರೆ ಎಳೆದಾಗ ತಾಜಿಕ್ ಮಾತಿನ ಸಮರ್‌ಖಂಡ, ಬುಖಾರಾ ಎರಡೂ ಉಜ್ಬೆಕಿಸ್ತಾನಕ್ಕೆ ಸೇರಿದವು. 1956ರ ಗೆರೆಯನ್ನು ಕಂಡ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2016ರಲ್ಲಿ ಯುನೆಸ್ಕೊ ಪಟ್ಟಿಗೆ ಉಜ್ಬೆಕಿಸ್ತಾನದ ಪಲೋವ್ ಸೇರಿತು, ತಾಜಿಕಿಸ್ತಾನದ ಓಶಿ ಪಲವ್ ಬೇರೆಯಾಗಿ ಸೇರಿತು. ತಾಷ್ಕೆಂಟಿನವರು ಎಲ್ಲ ಕಲಸಿ ಬಡಿಸುತ್ತಾರೆ. ಸಮರ್‌ಖಂಡದವರು ಕಲಸುವುದಿಲ್ಲ, ಕೆಳಗೆ ಅನ್ನ, ಮೇಲೆ ಕ್ಯಾರೆಟ್, ಅದರ ಮೇಲೆ ಮಾಂಸ. ಸಮರ್‌ಖಂಡದ ತಾಜಿಕ್ ಮನೆಯ ಆ ಕಡಾಯಿ ಯಾವ ದೇಶದ ಪಟ್ಟಿಗೆ ಸೇರಬೇಕು, ಬಿರಿಯಾನಿ ಪಂಡಿತರು ಹೇಳಲಿ ನೋಡೋಣ!